ಶರಣಸಮಾಜದ ಶಿಲ್ಪಿ ಬಸವಣ್ಣನವರು

ಮಾನವನು ಸಂಘಜೀವಿ. ತಾಯಿಯ ಮಡಿಲಿನಿಂದ ಮೊದಲ್ಗೊಂಡು ಮಣ್ಣಿನ ಮಡಿಲನ್ನು ಸೇರುವವರೆಗೆ ಅವನು ಯಾವುದಾದರೊಂದು ಕೂಟದೊಳಗೆ ಇದ್ದೇ ಇರುತ್ತಾನೆ. ಮನೆ ಒಂದು ಕೂಟ, ಕುಲ ಒಂದು ಕೂಟ, ಕಸುಬು ಒಂದು ಕೂಟ, ಊರು ಒಂದು ಕೂಟ. ಈ ಕೂಟಗಳು ಅವನಿಗೆ ಅನ್ನವನ್ನೂ ನುಡಿಯನ್ನೂ ಆಸರೆಯನ್ನೂ ಕೊಡುತ್ತವೆ. ಅದರ ಸಂಗಡವೇ ಯಾರೊಡನೆ ಉಣ್ಣಬೇಕು, ಯಾರ ಮನೆಯಿಂದ ಹೆಣ್ಣು ತರಬೇಕು, ಯಾರ ಮುಂದೆ ತಲೆಬಾಗಬೇಕು, ಯಾರನ್ನು ಹೊಸ್ತಿಲಾಚೆ ನಿಲ್ಲಿಸಬೇಕು ಎಂಬ ಕಟ್ಟಳೆಗಳನ್ನೂ ವಿಧಿಸುತ್ತವೆ. ಯೂರೋಪಿನಲ್ಲಿ 19ನೆಯ ಶತಮಾನದಲ್ಲಿ ರೂಪುಗೊಂಡ ಸಮಾಜಶಾಸ್ತ್ರವು ಇಂತಹ ಕೂಟಗಳನ್ನು ಕುರಿತು ಹಲವು ಪ್ರಶ್ನೆಗಳನ್ನು ಕೇಳುತ್ತದೆ. ಅವುಗಳಲ್ಲಿ ನಾಲ್ಕು ಪ್ರಧಾನವಾದವು. ಜನರು ಯಾವ ನಂಟಿನಿಂದ ಒಂದು ಗುಂಪಾಗುತ್ತಾರೆ? ಆ ಗುಂಪು ಯಾವ ವ್ಯವಸ್ಥೆಯಿಂದ ಸಂಘಟನೆಯಾಗಿ ನಿಲ್ಲುತ್ತದೆ? ಕಟ್ಟಳೆಯನ್ನು ಮೀರಿದವನನ್ನು ಸಮಾಜವು ಹೇಗೆ ಕಾಣುತ್ತದೆ? ಒಬ್ಬರನ್ನು ಮೇಲು, ಒಬ್ಬರನ್ನು ಕೀಳು ಎಂದು ಬಗೆಯುವ ಅಸಮಾನತೆಯ ಬೇರು ಎಲ್ಲಿದೆ?

ಈ ಪ್ರಶ್ನೆಗಳಿಗೆ ಶಾಸ್ತ್ರದ ಹೆಸರು ಬರುವುದಕ್ಕೆ ಏಳು ಶತಮಾನಗಳಷ್ಟು ಮೊದಲೇ ಕನ್ನಡನಾಡಿನಲ್ಲಿ ಒಬ್ಬ ಮಹಾಪುರುಷರು ಇವನ್ನು ತಮ್ಮ ಬದುಕಿನಲ್ಲಿ ಎತ್ತಿಕೊಂಡರು; ಉತ್ತರಕ್ಕಾಗಿ ತಮ್ಮ ಕುಲವನ್ನು, ಪದವಿಯನ್ನು, ಕಡೆಗೆ ತಾವು ಕಟ್ಟಿದ ನಗರವಾಸವನ್ನು ತೊರೆದರು. ಅವರೇ ಬಸವಣ್ಣನವರು. ಅವರ ಚರಿತ್ರೆಯು ಭಕ್ತಕೋಟಿಗೆ ಹೊಸದಲ್ಲ. ಆದರೂ ಸಮಾಜದ ರಚನೆಯನ್ನು ಕುರಿತು ಅದು ಕಲಿಸುವ ಪಾಠವನ್ನು ಮತ್ತೆ ಮತ್ತೆ ನೆನೆಯುವುದು ಗೃಹಸ್ಥರಾದ ಸದ್ಭಕ್ತರಿಗೆ ಹಿತಕರವಾದುದು.

ಅವರ ಜೀವಿತವನ್ನು ತಿಳಿಯಲು ನಮಗೆ ಮೂರು ಬಗೆಯ ಆಧಾರಗಳಿವೆ. ಮೊದಲನೆಯದು ಅವರ ವಚನಗಳು. ಕೂಡಲಸಂಗಮದೇವನ ಅಂಕಿತದಲ್ಲಿ ಸುಮಾರು 1,400 ವಚನಗಳು ಉಳಿದು ಬಂದಿವೆ. ಎರಡನೆಯದು ಶಾಸನ. ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ ದೊರೆತ 1260ರ ಶಾಸನವು ಬಾಗೇವಾಡಿಯ ಮಾದಿರಾಜನ ಮಗನೆಂದು ಬಸವರಾಜನನ್ನು ಹೆಸರಿಸುತ್ತದೆ. ಮೂರನೆಯದು ಭಕ್ತಕವಿಗಳ ಕಾವ್ಯಗಳು. ಹರಿಹರನ ಬಸವರಾಜದೇವರ ರಗಳೆ, 13ನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, 1369ರ ಭೀಮಕವಿಯ ಕನ್ನಡ ಬಸವಪುರಾಣ ಇವು ಅವುಗಳಲ್ಲಿ ಮುಖ್ಯವಾದವು. ಈ ಕಾವ್ಯಗಳಲ್ಲಿ ಪವಾಡಗಳು ಹೆಣೆದುಕೊಂಡಿವೆ. ಪವಾಡವನ್ನು ನಂಬುವವರಿಗೂ ನಂಬದವರಿಗೂ ಅವು ಸಮಾನವಾಗಿ ತಿಳಿಸುವ ಒಂದು ಸಂಗತಿಯಿದೆ. ಆ ಕಾಲದ ಜನರು ಯಾವ ನಡೆಯನ್ನು ಕಂಡು ಬೆರಗಾದರು, ಯಾವ ನಡೆಯನ್ನು ಕಂಡು ಸಿಡಿಮಿಡಿಗೊಂಡರು ಎಂಬುದು ಅವುಗಳಿಂದ ಸ್ಪಷ್ಟವಾಗುತ್ತದೆ.

ಬಸವಣ್ಣನವರು 12ನೆಯ ಶತಮಾನದ ಪೂರ್ವಾರ್ಧದಲ್ಲಿ, ಇಂದು ವಿಜಯಪುರ ಜಿಲ್ಲೆಯಲ್ಲಿರುವ ಬಾಗೇವಾಡಿಯ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ತಂದೆ ಮಾದರಸರು, ತಾಯಿ ಮಾದಲಾಂಬಿಕೆ, ಅಕ್ಕ ನಾಗಲಾಂಬಿಕೆ. ಬಾಗೇವಾಡಿಯು ಅಗ್ರಹಾರ; ತಂದೆಯವರು ಅದರ ಮುಖ್ಯಸ್ಥರು. ಅಗ್ರಹಾರವೆಂದರೆ ವೇದಾಧ್ಯಯನಕ್ಕಾಗಿ ಅರಸರು ಬ್ರಾಹ್ಮಣರಿಗೆ ಭೂಮಿಯನ್ನು ದಾನವಿತ್ತು ನೆಲೆಗೊಳಿಸಿದ ಊರು. ಅಲ್ಲಿ ವಿದ್ಯೆಯಿತ್ತು, ಗೌರವವಿತ್ತು, ಭೂಮಿಯ ಉತ್ಪತ್ತಿಯಿತ್ತು. ಆದರೆ ಆ ಭೂಮಿಯನ್ನು ಉಳುವವನಿಗೆ, ಊರಿನ ಬಟ್ಟೆಯನ್ನು ಒಗೆಯುವವನಿಗೆ, ಸತ್ತ ದನವನ್ನು ಹೊರುವವನಿಗೆ ಆ ವಿದ್ಯೆಯಲ್ಲಿ ಪಾಲಿರಲಿಲ್ಲ. ಯಾರು ಯಾವ ತಾವಿನಲ್ಲಿ ನಿಲ್ಲಬೇಕೆಂಬುದು ಅವರವರ ಹುಟ್ಟಿನ ದಿನವೇ ನಿಶ್ಚಯವಾಗಿಬಿಡುತ್ತಿತ್ತು. ಮನುಷ್ಯನಿಗೆ ಹುಟ್ಟಿನಿಂದ ಒದಗುವ ಸ್ಥಾನ ಒಂದು, ತನ್ನ ನಡೆಯಿಂದ ಗಳಿಸಿಕೊಳ್ಳುವ ಸ್ಥಾನ ಇನ್ನೊಂದು ಎಂದು ಸಮಾಜಶಾಸ್ತ್ರಜ್ಞರು ವಿಂಗಡಿಸುತ್ತಾರೆ. ಅಗ್ರಹಾರದ ವ್ಯವಸ್ಥೆಯು ಮೊದಲನೆಯದನ್ನೇ ಬುನಾದಿಯಾಗಿ ಇಟ್ಟುಕೊಂಡಿತ್ತು.

ಆ ಕೂಟಕ್ಕೆ ಗಂಡುಮಗುವನ್ನು ವಿಧಿಪೂರ್ವಕವಾಗಿ ಸೇರಿಸುವ ಬಾಗಿಲೇ ಉಪನಯನ. ಈ ಬಾಗಿಲಿನ ಬಳಿಯಲ್ಲಿಯೇ ಬಸವಣ್ಣನವರು ಹಿಂದಿರುಗಿ ನಿಂತರು. ಎಂಟು ವರ್ಷದ ಬಾಲಕರು ಉಪನಯನವನ್ನೇ ಒಲ್ಲೆನೆಂದರೆಂದು ಭೀಮಕವಿಯು ಹೇಳುತ್ತಾನೆ. ಹರಿಹರನ ಕಥನವು ಬೇರೆ: ಬಾಲ್ಯದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಅವರಿಗೆ ಉಪನಯನವು ನಡೆದಿತ್ತು; ಹದಿಹರೆಯದಲ್ಲಿ ಅವರು ಆ ಜನಿವಾರವನ್ನು ಕಿತ್ತೆಸೆದು ಮನೆಯನ್ನು ಬಿಟ್ಟು ಹೊರಟರು. ಒಡಹುಟ್ಟಿದ ಅಕ್ಕನಿಗೆ ಇಲ್ಲದ ಸಂಸ್ಕಾರವು ತನಗೇಕೆಂದು ಅವರು ಕೇಳಿದರೆಂಬ ಕಥೆಯು ಜನಮನದಲ್ಲಿ ನೆಲೆಸಿದೆ. ಕಥನಗಳು ಭಿನ್ನವಾದರೂ ತಾತ್ಪರ್ಯವು ಒಂದೇ. ಕೀಳೆನಿಸಿಕೊಂಡವನು ಕೀಳುತನವನ್ನು ತೊರೆಯಬಯಸುವುದು ಸಹಜ. ಮೇಲೆನಿಸಿಕೊಂಡವನು ತನಗೆ ಅನಾಯಾಸವಾಗಿ ಬಂದ ಮೇಲ್ಮೆಯನ್ನು ತಾನಾಗಿ ತೊರೆಯುವುದು ಅಪೂರ್ವ. ಬಸವಣ್ಣನವರ ಸಾಮಾಜಿಕ ಜೀವನವು ಈ ಅಪೂರ್ವ ತ್ಯಾಗದಿಂದಲೇ ಆರಂಭವಾಗುತ್ತದೆ.

ಅಲ್ಲಿಂದ ಅವರು ಕೃಷ್ಣಾ ಮಲಪ್ರಭೆಗಳು ಕೂಡುವ ಸಂಗಮಕ್ಕೆ ಬಂದರು. ಅಲ್ಲಿಯ ಈಶಾನ್ಯ ಗುರುಗಳ ಆಶ್ರಯದಲ್ಲಿ ಅಧ್ಯಯನ, ಪೂಜೆ, ಧ್ಯಾನಗಳಲ್ಲಿ ವರ್ಷಗಳು ಕಳೆದವು. ಸಂಗಮೇಶ್ವರನ ಸನ್ನಿಧಿಯನ್ನು ಬಿಟ್ಟು ಹೊರಡುವುದು ಅವರಿಗೆ ಬೇಡವಾಗಿತ್ತು. ಜನರ ನಡುವೆ ಹೋಗಬೇಕೆಂದು ದೇವನೇ ಕನಸಿನಲ್ಲಿ ಆಜ್ಞಾಪಿಸಿದನೆಂದೂ, ಅವರು ಮಗುವಿನಂತೆ ದುಃಖಿಸಿದರೆಂದೂ ಹರಿಹರನು ವರ್ಣಿಸುತ್ತಾನೆ. ಒಂಟಿ ಸಾಧಕನ ಶಾಂತಿಯನ್ನು ಬಿಟ್ಟು ಸಮಾಜದ ಗದ್ದಲಕ್ಕೆ ಇಳಿಯುವ ನೋವು ಎಂತಹುದೆಂಬುದನ್ನು ಈ ಪ್ರಸಂಗದಿಂದ ಊಹಿಸಬಹುದು.

ಅವರು ಹೋದುದು ಮಂಗಳವಾಡಕ್ಕೆ. ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆಯೇ ಅದು. ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರನಾದ ಕಳಚುರಿ ಬಿಜ್ಜಳನು ಅಲ್ಲಿಂದ ಆಳುತ್ತಿದ್ದನು. ಹರಿಹರನ ಪ್ರಕಾರ ಬಸವಣ್ಣನವರು ಲೆಕ್ಕಪತ್ರದಲ್ಲಿಯ ಒಂದು ತಪ್ಪನ್ನು ತೋರಿಸಿಕೊಟ್ಟು ಅರಮನೆಯ ಗಣಕರಾದರು. ಮುಂದೆ ಭಂಡಾರದ ಅಧಿಕಾರವು ಅವರಿಗೆ ಒಲಿದು ಬಂದಿತು. ಗಂಗಾಂಬಿಕೆ ಮತ್ತು ನೀಲಾಂಬಿಕೆಯರು ಅವರ ಧರ್ಮಪತ್ನಿಯರಾದರು. 1160ರ ಆಸುಪಾಸಿನಲ್ಲಿ ಬಿಜ್ಜಳನು ಚಾಲುಕ್ಯರ ಸಿಂಹಾಸನವನ್ನೇ ಕೈವಶ ಮಾಡಿಕೊಂಡನು. ಬಸವಣ್ಣನವರ ಕಾರ್ಯಕ್ಷೇತ್ರವೂ ಕಲ್ಯಾಣಕ್ಕೆ, ಎಂದರೆ ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣಕ್ಕೆ ಸಾಗಿತು. ಅಗ್ರಹಾರದ ಮನೆಯನ್ನು ಬರಿಗೈಯಲ್ಲಿ ಬಿಟ್ಟು ಬಂದಿದ್ದ ತರುಣರು ಈಗ ಒಂದು ಸಾಮ್ರಾಜ್ಯದ ಭಂಡಾರಿಗಳಾಗಿದ್ದರು. ಈ ಸ್ಥಾನವು ಅವರಿಗೆ ಹುಟ್ಟಿನಿಂದ ಬಂದುದಲ್ಲ, ದುಡಿಮೆಯಿಂದ ಬಂದುದು.

ಕಲ್ಯಾಣದಲ್ಲಿ ಅವರ ಮನೆಯು ಮಹಾಮನೆಯೆನಿಸಿತು. ಅಲ್ಲಿಗೆ ನಾಡಿನ ನಾನಾ ಭಾಗಗಳಿಂದ ಶಿವಭಕ್ತರು ಬರತೊಡಗಿದರು. ಬಳ್ಳಿಗಾವೆಯ ಸೀಮೆಯಿಂದ ಅಲ್ಲಮಪ್ರಭುಗಳು, ಉಡುತಡಿಯಿಂದ ಅಕ್ಕಮಹಾದೇವಿ, ಸೊನ್ನಲಿಗೆಯಿಂದ ಸಿದ್ಧರಾಮರು ಬಂದರು. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದು ಸೌದೆ ಮಾರಿ ಬದುಕಿದವರೆಂದು ಮೋಳಿಗೆ ಮಾರಯ್ಯನವರನ್ನು ಪರಂಪರೆಯು ಸ್ಮರಿಸುತ್ತದೆ. ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ, ಒಕ್ಕಲಿಗ ಮುದ್ದಣ್ಣ, ಆಯ್ದಕ್ಕಿ ಮಾರಯ್ಯ, ಸೂಳೆ ಸಂಕವ್ವೆ—ಈ ಹೆಸರುಗಳನ್ನು ಓದಿದರೆ ಒಂದು ಊರಿನ ಕಸುಬುಗಳೆಲ್ಲ ಕಣ್ಣೆದುರಿಗೆ ಬರುತ್ತವೆ. ಅದುವರೆಗೆ ಬೇರೆ ಬೇರೆ ಕೇರಿಗಳಲ್ಲಿ, ಒಬ್ಬರ ನೆರಳು ಇನ್ನೊಬ್ಬರಿಗೆ ಸೋಂಕದಂತೆ ಬಾಳುತ್ತಿದ್ದವರು ಇವರು. ಇವರನ್ನು ಒಂದು ಗುಂಪಾಗಿಸಿದ ನಂಟು ಯಾವುದು? ಅದು ರಕ್ತದ ನಂಟಲ್ಲ, ಊರಿನ ನಂಟಲ್ಲ. ಒಪ್ಪಿ ಹಿಡಿದ ತತ್ತ್ವದ ನಂಟು.

ಆ ತತ್ತ್ವದ ಕುರುಹು ಇಷ್ಟಲಿಂಗ. ದೇವಾಲಯಕ್ಕೆ ಗೋಡೆಯಿದೆ, ಬಾಗಿಲಿದೆ, ಬಾಗಿಲಲ್ಲಿ ಕಾವಲಿದೆ; ಒಳಗೆ ಯಾರು ಎಲ್ಲಿಯವರೆಗೆ ಹೋಗಬಹುದೆಂಬ ಗೆರೆಯಿದೆ. ಅಂಗದ ಮೇಲಿನ ಲಿಂಗಕ್ಕೆ ಇವೊಂದೂ ಇಲ್ಲ. ಅಗಸನ ಎದೆಯ ಮೇಲಿನ ಲಿಂಗವೂ ಅಮಾತ್ಯನ ಎದೆಯ ಮೇಲಿನ ಲಿಂಗವೂ ಒಂದೇ. ಪೂಜೆಗೆ ನಡುವೆ ಇನ್ನೊಬ್ಬನು ಬೇಕಿಲ್ಲ. ಹೆಣ್ಣೆಂಬ ಕಾರಣದಿಂದ ತಡೆಯಿಲ್ಲ. ಅಸಮಾನತೆಯನ್ನು ಬರಿಯ ಮಾತಿನಿಂದ ಖಂಡಿಸಿದವರು ಲೋಕದಲ್ಲಿ ಅನೇಕರಿದ್ದಾರೆ. ಬಸವಣ್ಣನವರು ದೇವರ ಬಳಿಗೆ ಹೋಗುವ ದಾರಿಯನ್ನೇ ಸಮಮಾಡಿ ಆ ಅಸಮಾನತೆಯ ಒಂದು ದೊಡ್ಡ ಆಧಾರವನ್ನು ಕಳಚಿಹಾಕಿದರು.

ಗುಂಪು ಕೂಡುವುದು ಸುಲಭ, ನಿಲ್ಲುವುದು ಕಷ್ಟ. ಜಾತ್ರೆಗೆ ಕೂಡಿದ ಜನ ಸಂಜೆಗೆ ಚದರಿಹೋಗುತ್ತದೆ. ಕೆಲಸದ ಹಂಚಿಕೆ, ಸಂಪತ್ತಿನ ನಿಯಮ, ವಿಚಾರದ ಪದ್ಧತಿ ಇವು ಮೂರೂ ಇದ್ದಾಗಲೇ ಗುಂಪು ಸಂಘಟನೆಯಾಗುತ್ತದೆ. ಶರಣರ ಕೂಟದಲ್ಲಿ ಈ ಮೂರೂ ಕ್ರಮವಾಗಿ ಕಾಯಕ, ದಾಸೋಹ, ಅನುಭಾವಗೋಷ್ಠಿ ಎಂಬ ರೂಪವನ್ನು ತಾಳಿದವು.

ಕಾಯಕವೆಂದರೆ ಬರಿಯ ಕಸುಬಲ್ಲ. ಪ್ರತಿಯೊಬ್ಬರೂ ತಮ್ಮ ಅನ್ನವನ್ನು ತಾವೇ ದುಡಿಯಬೇಕು, ಆ ದುಡಿಮೆಯು ಸತ್ಯಶುದ್ಧವಾಗಿರಬೇಕು, ಯಾವ ದುಡಿಮೆಯೂ ಇನ್ನೊಂದಕ್ಕಿಂತ ಕೀಳಲ್ಲ ಎಂಬ ಮೂರು ನಿಯಮಗಳು ಅದರಲ್ಲಿ ಅಡಗಿವೆ. ಹುರಿ ಹೊಸೆಯುವುದು, ಬುಟ್ಟಿ ಹೆಣೆಯುವುದು, ದೋಣಿ ನಡೆಸುವುದು ಇವು ಆ ಕಾಲದ ದೃಷ್ಟಿಯಲ್ಲಿ ಹುಟ್ಟಿನ ಕೀಳುತನದ ಗುರುತುಗಳಾಗಿದ್ದವು. ಶರಣರು ಆ ಗುರುತುಗಳನ್ನು ಮರೆಮಾಚದೆ ತಮ್ಮ ಹೆಸರಿನ ಮುಂದೆಯೇ ಧರಿಸಿದರು. ಅಪಮಾನದ ಹೆಸರು ಗೌರವದ ಹೆಸರಾಯಿತು.

ದಾಸೋಹವು ಸಂಪತ್ತಿನ ನಿಯಮ. ದುಡಿದುದರಲ್ಲಿ ತನಗೆ ಬೇಕಾದುದನ್ನು ಇಟ್ಟುಕೊಂಡು ಉಳಿದುದನ್ನು ಸಮಾಜಕ್ಕೆ ಸಮರ್ಪಿಸುವುದು, ಸಮರ್ಪಿಸುವಾಗ ಕೊಡುವವನೆಂಬ ಭಾವವನ್ನು ತೊರೆಯುವುದು ಅದರ ತಿರುಳು. ಆಯ್ದಕ್ಕಿ ಮಾರಯ್ಯನವರ ಪ್ರಸಂಗವು ಇದಕ್ಕೆ ಉತ್ತಮ ನಿದರ್ಶನ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹವನ್ನು ನಡೆಸುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ದೊರೆಯಿತು. ಅವರು ಅದನ್ನೂ ಮನೆಗೆ ತಂದರು. ಮಡದಿ ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ನಿತ್ಯದ ಅಳತೆಯನ್ನು ಮೀರಿ ಬಂದುದು ಆಸೆಯ ಫಲವೆಂದು ಗಂಡನಿಗೆ ತಿಳಿಹೇಳಿ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಮರಳಿ ಕಳುಹಿಸಿದರು. ಅರಸನ ಭಂಡಾರಿಯ ಅಂಗಳದಲ್ಲಿ ಅಕ್ಕಿಯನ್ನು ಆಯುವವರ ಮಡದಿಯು ಭಂಡಾರಿಗಳಿಗೂ ಮಾದರಿಯಾಗುವ ನೀತಿಯನ್ನು ನಡೆದು ತೋರಿದರು. ಬಡತನವನ್ನು ಹೊಗಳುವುದು ಈ ಕಥೆಯ ಉದ್ದೇಶವಲ್ಲ. ಒಬ್ಬರ ಕಣಜದಲ್ಲಿ ಸಂಗ್ರಹವಾದ ಹೆಚ್ಚುವರಿಯೇ ಇನ್ನೊಬ್ಬರ ಮಡಕೆಯ ಬರಿದುತನವೆಂಬ ಅರಿವೇ ಇಲ್ಲಿಯ ಉದ್ದೇಶ.

ಅನುಭಾವಗೋಷ್ಠಿಯು ವಿಚಾರದ ಪದ್ಧತಿ. 15ನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯು ಈ ಗೋಷ್ಠಿಗಳನ್ನು ಸಂವಾದದ ರೂಪದಲ್ಲಿ ನಿರೂಪಿಸುತ್ತದೆ. ಅಲ್ಲಿ ಶೂನ್ಯಸಿಂಹಾಸನವನ್ನು ಏರಿದವರು ಅಲ್ಲಮಪ್ರಭುಗಳು. ಮನೆಯನ್ನೂ ಧಾನ್ಯವನ್ನೂ ಒದಗಿಸಿದ, ರಾಜಬಲವಿದ್ದ ಬಸವಣ್ಣನವರು ಪೀಠಕ್ಕೆ ಆಸೆಪಡಲಿಲ್ಲ. ತಮ್ಮನ್ನು ಸೇವಕನೆಂದೇ ಭಾವಿಸಿದರು. ಸಂಘಟನೆಯ ಸ್ಥಾಪಕನೇ ಅದರ ಒಡೆಯನೂ ಆಗುವುದು ಲೋಕದ ರೂಢಿ. ಇಲ್ಲಿ ಸ್ಥಾಪಕರು ಕೆಳಗೆ ಕುಳಿತರು. ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರು ವಚನಗಳನ್ನು ರಚಿಸಿದ್ದಾರೆ. ಗಂಗಾಂಬಿಕೆ ನೀಲಾಂಬಿಕೆಯರೂ ಅವರಲ್ಲಿ ಸೇರಿದ್ದಾರೆ. ಓದುಬರಹದಿಂದ ದೂರವಿರಿಸಲ್ಪಟ್ಟಿದ್ದ ಜನವರ್ಗಗಳು ತಮ್ಮ ತಾಯ್ನುಡಿಯಲ್ಲಿ ತತ್ತ್ವವನ್ನು ನುಡಿದುದು ಈ ಕೂಟದ ಮಹಾಸಾಧನೆ.

ಬಸವಣ್ಣನವರ ಮನಸ್ಸಿನಿಂದ ಹುಟ್ಟಿನ ಸಂಸ್ಕಾರವು ಒಂದೇ ದಿನದಲ್ಲಿ ಅಳಿಸಿಹೋಯಿತೆಂದು ಭಕ್ತಕವಿಗಳು ಹೇಳುವುದಿಲ್ಲ. ಕಿನ್ನರಿ ಬೊಮ್ಮಯ್ಯನವರು ಅಡುಗೆಗಾಗಿ ಉಳ್ಳಿಯನ್ನು ಹೆಚ್ಚುತ್ತಿದ್ದಾಗ ಬಸವಣ್ಣನವರು ಅದರ ವಾಸನೆಗೆ ಹೇಸಿದರಂತೆ. ಭಕ್ತನ ಊಟವನ್ನು ಹೇಸಿದವರ ಸಂಗವು ತಮಗೆ ಬೇಡವೆಂದು ಬೊಮ್ಮಯ್ಯನವರು ಮುನಿದು ಹೊರಟರು. ಬಸವಣ್ಣನವರಿಗೆ ತಮ್ಮ ತಪ್ಪು ತಿಳಿಯಿತು. ಅವರು ಉಳ್ಳಿಯನ್ನೇ ತರಿಸಿ, ಅದರ ಹಬ್ಬವನ್ನೇ ಮಾಡಿ, ಬೊಮ್ಮಯ್ಯನವರನ್ನು ಮರಳಿ ಕರೆತಂದರು. ಪ್ರಸಂಗವು ಚಿಕ್ಕದು, ಅದರ ಪಾಠವು ದೊಡ್ಡದು. ಮೇಲುಕೀಳುಗಳು ಶಾಸ್ತ್ರಗ್ರಂಥಗಳಲ್ಲಿ ಮಾತ್ರ ಇರುವುದಿಲ್ಲ. ಮೂಗಿನಲ್ಲಿ, ನಾಲಗೆಯಲ್ಲಿ, ಅಡುಗೆಮನೆಯಲ್ಲಿ ಅವು ವಾಸಿಸುತ್ತವೆ. ತತ್ತ್ವವನ್ನು ಒಪ್ಪಿದ ಮೇಲೂ ದೇಹವು ಹಳೆಯ ಕಟ್ಟಳೆಯಂತೆಯೇ ನಡೆಯುತ್ತಿರುತ್ತದೆ. ಅದನ್ನು ಕಂಡುಕೊಂಡು, ಎಲ್ಲರೆದುರಿಗೆ ತಿದ್ದಿಕೊಂಡುದು ಬಸವಣ್ಣನವರ ಹಿರಿಮೆ.

ಲೋಕವು ತಪ್ಪಿತಸ್ಥರೆಂದು ದೂಡುವವರನ್ನು ಅವರು ಕಂಡ ಬಗೆಯೂ ಬೇರೆಯೇ ಆಗಿತ್ತು. ಮಹಾಮನೆಯ ಆಕಳುಗಳನ್ನು ಕಳ್ಳರು ಹೊಡೆದುಕೊಂಡು ಹೋದರೆಂಬ ಸುದ್ದಿ ಬಂದಾಗ, ತಾಯನ್ನು ಕಾಣದೆ ಕರುಗಳು ಕೊರಗುವುವೆಂದು ಕರುಗಳನ್ನೂ ಅವರ ಬಳಿಗೆ ಅಟ್ಟಿಸಿದರೆಂದು ಕಥೆಯಿದೆ. ಕಳವು ಸರಿಯೆಂದು ಇದರ ಅರ್ಥವಲ್ಲ. ಶರಣರ ಮೊದಲ ನಿಯಮಗಳಲ್ಲಿ ಕಳವಿನ ನಿಷೇಧವೂ ಒಂದು. ಆದರೆ ತಪ್ಪನ್ನು ಹೇಸುವುದು ಬೇರೆ, ತಪ್ಪು ಮಾಡಿದವನನ್ನು ಮನುಷ್ಯರ ಸಾಲಿನಿಂದಲೇ ಹೊರದೂಡುವುದು ಬೇರೆ. ಹೊರದೂಡಿದವನಿಗೆ ತಿದ್ದಿಕೊಳ್ಳಲು ತಾವೆಲ್ಲಿ? ದೇಹವನ್ನು ಮಾರಿ ಬದುಕಿದ ಸಂಕವ್ವೆಯಂತಹವರೂ ಶರಣೆಯರಾಗಿ ವಚನಕಾರ್ತಿಯರ ಸಾಲಿನಲ್ಲಿ ಕುಳಿತುದು ಬಾಗಿಲು ತೆರೆದಿದ್ದ ಕಾರಣದಿಂದಲೇ.

ಇತ್ತ ಬಸವಣ್ಣನವರೇ ಕಲ್ಯಾಣದ ಹಿರಿಯರ ಕಣ್ಣಿನಲ್ಲಿ ತಪ್ಪಿತಸ್ಥರಾಗುತ್ತಿದ್ದರು. ಅಂತ್ಯಜರಾದ ನಾಗಿದೇವರ ಮನೆಗೆ ಹೋಗಿ ಅವರು ಪ್ರಸಾದವನ್ನು ಸ್ವೀಕರಿಸಿದರೆಂಬ ದೂರು ಬಿಜ್ಜಳನ ಆಸ್ಥಾನಕ್ಕೆ ಮುಟ್ಟಿತು. ಹೊಲಗೇರಿಗೆ ಹೋದ ಕಾಲಿನಿಂದ ಅರಮನೆಯನ್ನು ಪ್ರವೇಶಿಸಿ ಎಲ್ಲರನ್ನೂ ಮೈಲಿಗೆಗೊಳಿಸಿದರೆಂಬುದು ಆರೋಪ. ರಾಜನ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂಬುದು ಇನ್ನೊಂದು ಆರೋಪ. ಬೊಕ್ಕಸವನ್ನು ಪರೀಕ್ಷಿಸಿದಾಗ ಲೆಕ್ಕವು ಸರಿಯಾಗಿಯೇ ಇತ್ತೆಂದು ಪುರಾಣಗಳು ಒಮ್ಮತದಿಂದ ಹೇಳುತ್ತವೆ. ಹಣದ ಲೆಕ್ಕದಲ್ಲಿ ಅವರನ್ನು ಹಿಡಿಯಲಾಗಲಿಲ್ಲ. ಹಿಡಿಯಬೇಕಾಗಿದ್ದುದು ಕುಲದ ಲೆಕ್ಕದಲ್ಲಿ. ಅದನ್ನಂತೂ ಅವರು ಮುಚ್ಚಿಡಲಿಲ್ಲ. ಮಾದಾರ ಚೆನ್ನಯ್ಯನವರ, ಡೋಹರ ಕಕ್ಕಯ್ಯನವರ ಮನೆಯ ಮಗನೆಂದು ತಮ್ಮನ್ನು ಕರೆದುಕೊಂಡು, ಬಾಗೇವಾಡಿಯ ವಂಶಾವಳಿಯನ್ನು ತಾವಾಗಿಯೇ ಅಳಿಸಿಹಾಕಿದ್ದರು.

ಕಟ್ಟಳೆಯನ್ನು ಮೀರುವುದೆಲ್ಲವೂ ಕೆಡುಕೇ? ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್ ಎಂಬವರು 1895ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪ್ರಶ್ನೆಯನ್ನು ವಿಮರ್ಶಿಸಿದ್ದಾರೆ. ಕಟ್ಟಳೆ ಮೀರುವವರಿಲ್ಲದ ಸಮಾಜವೇ ಇಲ್ಲವೆಂದೂ, ಇಂದು ಅಪರಾಧಿಯೆನಿಸಿದವನು ನಾಳೆಯ ನೀತಿಗೆ ದಾರಿ ತೋರುವವನಾಗಿರಬಹುದೆಂದೂ ಅವರು ಪ್ರತಿಪಾದಿಸಿದರು. ಅವರು ಕೊಟ್ಟ ನಿದರ್ಶನವು ಅಥೆನ್ಸಿನಲ್ಲಿ ಮರಣದಂಡನೆಗೆ ಗುರಿಯಾದ ಸಾಕ್ರೆಟೀಸನದು. ಕನ್ನಡಿಗರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಕಲ್ಯಾಣದ ಬೀದಿಯೇ ಸಾಕು. ಕಳ್ಳನೂ ಕಟ್ಟಳೆಯನ್ನು ಮೀರುತ್ತಾನೆ, ಶರಣನೂ ಮೀರುತ್ತಾನೆ. ಕಳ್ಳನು ತನ್ನ ಲಾಭಕ್ಕಾಗಿ ಮರೆಯಲ್ಲಿ ಮೀರುತ್ತಾನೆ. ಶರಣನು ಅನ್ಯರ ಮಾನಕ್ಕಾಗಿ ಬಯಲಿನಲ್ಲಿ ಮೀರಿ, ಅದರ ದಂಡವನ್ನು ತಾನೇ ತೆರುತ್ತಾನೆ.

ಆ ದಂಡವನ್ನು ತೆರುವ ದಿನವೂ ಬಂದಿತು. ಸಮಗಾರ ಹರಳಯ್ಯನವರು ಒಮ್ಮೆ ಬಸವಣ್ಣನವರಿಗೆ ಶರಣೆಂದಾಗ ಅವರು ಎರಡು ಬಾರಿ ಶರಣೆಂದು ಮರುವಂದಿಸಿದರಂತೆ. ಆ ಹೆಚ್ಚಿನ ಗೌರವದ ಭಾರವನ್ನು ತಾಳಲಾರದೆ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿ ತಂದರೆಂದೂ, ಬಸವಣ್ಣನವರು ಅವನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲೆ ಹೊತ್ತರೆಂದೂ ಜನಪರಂಪರೆಯು ಹೇಳುತ್ತದೆ. ಆ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಶರಣ ಮಧುವರಸರ ಮಗಳಿಗೂ ವಿವಾಹವು ನಡೆಯಿತು. ಕೂಡಿ ಕುಳಿತು ವಿಚಾರ ಮಾಡುವುದನ್ನು ಸಮಾಜವು ಹೇಗೋ ಸಹಿಸಿತ್ತು. ಕೂಡಿ ಉಣ್ಣುವುದನ್ನು ಗೊಣಗುತ್ತ ಸಹಿಸಿತ್ತು. ಮದುವೆಯನ್ನು ಮಾತ್ರ ಸಹಿಸಲಿಲ್ಲ. ಅದಕ್ಕೆ ಕಾರಣವೂ ಸ್ಪಷ್ಟ. ಹುಟ್ಟಿನ ಮೇಲೆ ನಿಂತ ವ್ಯವಸ್ಥೆಯು ತಲೆಮಾರಿನಿಂದ ತಲೆಮಾರಿಗೆ ಸಾಗುವುದು ಮದುವೆಯ ಕಟ್ಟಿನಿಂದ. ಅದು ಸಡಿಲಿದರೆ ಮುಂದಿನ ಮಗುವನ್ನು ಯಾವ ಕೇರಿಗೆ ಸೇರಿಸುವುದು? ಶರಣರು ಬೇರಿಗೇ ಕೈ ಹಾಕಿದ್ದರು.

ವರ್ಣಸಂಕರವಾಯಿತೆಂಬ ಕೂಗೆದ್ದಿತು. ಬಿಜ್ಜಳನು ಸಂಪ್ರದಾಯಸ್ಥರ ಒತ್ತಡಕ್ಕೆ ಮಣಿದನು. ಹರಳಯ್ಯ ಮಧುವರಸರ ಕಣ್ಣುಗಳನ್ನು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಎಳೆಸಲಾಯಿತೆಂದು ಪುರಾಣಗಳೂ ಪರಂಪರೆಯೂ ದುಃಖದಿಂದ ನೆನೆಯುತ್ತವೆ. ಚಮ್ಮಾರನಿಗೂ ಬ್ರಾಹ್ಮಣನಿಗೂ ಒಂದೇ ಶಿಕ್ಷೆ. ಬದುಕಿನಲ್ಲಿ ಕಟ್ಟಿದ ಸಮಾನತೆಯು ಸಾವಿನಲ್ಲಿಯೂ ಉಳಿಯಿತು. ಕಲ್ಯಾಣವು ಕದಡಿಹೋಯಿತು. ಬಸವಣ್ಣನವರು ಅಧಿಕಾರವನ್ನು ತೊರೆದು ಸಂಗಮಕ್ಕೆ ಮರಳಿದರು; ಅಲ್ಲಿಯೇ 1167ರ ಸುಮಾರಿನಲ್ಲಿ ಲಿಂಗೈಕ್ಯರಾದರು. ಅದೇ ಸಮಯಕ್ಕೆ ಬಿಜ್ಜಳನ ಆಳ್ವಿಕೆಯೂ ಮುಗಿದು ಮಗ ಸೋವಿದೇವನು ಪಟ್ಟವನ್ನೇರಿದನು. ಶರಣರು ವಚನದ ಕಟ್ಟುಗಳನ್ನು ಹೊತ್ತು ನಾಲ್ದೆಸೆಗೆ ಚದರಿದರು. ಚನ್ನಬಸವಣ್ಣನವರ ನೇತೃತ್ವದ ತಂಡವು ಸಹ್ಯಾದ್ರಿಯ ಕಾಡಿನ ಉಳವಿಯನ್ನು ಸೇರಿತು.

ಅರಸನ ಖಡ್ಗವು ಕೂಟವನ್ನು ಚದರಿಸಿತು, ಅಳಿಸಲಿಲ್ಲ. ತಾಳೆಯೋಲೆಗಳಲ್ಲಿ ಅಡಗಿದ್ದ ವಚನಗಳನ್ನು ಶತಮಾನಗಳವರೆಗೆ ಮಠಗಳೂ ಮನೆತನಗಳೂ ಕಾಪಾಡಿದವು. ಫ.ಗು. ಹಳಕಟ್ಟಿಯವರು ಊರೂರು ಅಲೆದು ಅವನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಬೆಳಕಿಗೆ ತಂದರು. ಬಸವಣ್ಣನವರ ಸಂಘಟನೆಯು ಈ ಬಗೆಯಲ್ಲಿ ಅವರ ದೇಹವನ್ನು ಮೀರಿ ಬಾಳಿತು.

ಆದರೆ ಬಾಳಿದ ಸಂಘಟನೆಗೆ ಇನ್ನೊಂದು ಅಪಾಯವಿದೆ. ಮಹಾಪುರುಷನೊಬ್ಬನ ತೇಜಸ್ಸಿನಿಂದ ಹುಟ್ಟಿದ ಕೂಟವು ಅವನ ತರುವಾಯ ನಿತ್ಯದ ರೂಢಿಗೆ ಇಳಿಯುತ್ತದೆಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ತೋರಿಸಿಕೊಟ್ಟಿದ್ದಾರೆ. ಕಿಡಿಯಿಂದ ಹತ್ತಿದ ದೀಪವನ್ನು ಕಾಯಲು ಗೂಡು ಬೇಕು. ಗೂಡೇ ಮುಖ್ಯವಾಗಿ ದೀಪವು ಮಂಕಾಗುವುದೂ ಉಂಟು. ಹುಟ್ಟನ್ನು ಕೇಳದೆ ಕೂಡಿದವರ ಮಕ್ಕಳು ಹುಟ್ಟಿನಿಂದಲೇ ಶರಣರೆಂದು ಎಣಿಸಿಕೊಂಡರು. ಒಂದು ಕಾಲಕ್ಕೆ ಗೌರವದ ಹೆಸರುಗಳಾಗಿದ್ದ ಕಾಯಕಗಳು ಒಳಪಂಗಡಗಳ ಹೆಸರುಗಳಾದವು. ಒಳಪಂಗಡಗಳ ನಡುವೆ ಹೆಣ್ಣು ಕೊಡುವ, ತರುವ ಗೆರೆಗಳು ಮೂಡಿದವು. ಯಾವ ಗೆರೆಯನ್ನು ಅಳಿಸಲು ಹರಳಯ್ಯ ಮಧುವರಸರು ಪ್ರಾಣವಿತ್ತರೋ ಆ ಗೆರೆಯು ಅವರನ್ನು ನಿತ್ಯ ನೆನೆಯುವವರ ಅಂಗಳದಲ್ಲಿಯೇ ಮತ್ತೆ ಕಾಣಿಸಿಕೊಂಡುದು ಚರಿತ್ರೆಯ ಕಹಿಯಾದ ಸತ್ಯ. ಇದನ್ನು ಒಪ್ಪಿಕೊಳ್ಳುವುದರಿಂದ ಬಸವಣ್ಣನವರ ಕೀರ್ತಿಗೆ ಕುಂದಿಲ್ಲ. ಉಳ್ಳಿಯ ಪ್ರಸಂಗದಲ್ಲಿ ತಮ್ಮ ತಪ್ಪನ್ನು ಒಪ್ಪಿಕೊಂಡವರು ಅವರೇ ಅಲ್ಲವೆ?

1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ. ಬಿಜ್ಜಳನ ಕಾಲದಲ್ಲಿ ರಾಜದಂಡವು ಕುಲದ ಪರವಾಗಿತ್ತು; ಈಗ ಅದು ಸಮಾನತೆಯ ಪರವಾಗಿದೆ. ಆದರೆ ಕಾನೂನಿನ ಕೈ ಬೀದಿಯವರೆಗೆ ಚಾಚೀತು, ಅಡುಗೆಮನೆಯ ಒಳಗೆ ಚಾಚದು. ಅಲ್ಲಿ ಆಳುವುದು ಮನೆಯವರ ಮನಸ್ಸು. ಮನೆಗೆಲಸಕ್ಕೆ ಬಂದವಳಿಗೆ ಕೊಡುವ ಲೋಟವು ಬೇರೆಯೇ? ಹೊಲದಲ್ಲಿ ದುಡಿದವನು ಉಣ್ಣಲು ಕೂರುವ ತಾವು ಯಾವುದು? ಮಗಳಿಗೆ ವರನನ್ನು ನೋಡುವಾಗ ಮೊದಲು ಕೇಳುವ ಪ್ರಶ್ನೆ ನಡತೆಯನ್ನು ಕುರಿತದ್ದೋ, ಒಳಪಂಗಡವನ್ನು ಕುರಿತದ್ದೋ? ತಪ್ಪು ಮಾಡಿ ಮರಳಿ ಬಂದವನಿಗೆ ಬಾಗಿಲು ತೆರೆದಿದೆಯೋ, ಮುಚ್ಚಿದೆಯೋ? ಪ್ರತಿಯೊಬ್ಬ ಗೃಹಸ್ಥನೂ ಲಿಂಗಪೂಜೆಯ ವೇಳೆಯಲ್ಲಿ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು.

ಬಸವ ಜಯಂತಿಯಂದು ಅವರ ಭಾವಚಿತ್ರವನ್ನು ಮೆರೆಸುವುದು ಭಕ್ತಿಯ ಕಾರ್ಯವೇ ಸರಿ. ಹರಳಯ್ಯನವರ ಪಾದರಕ್ಷೆಯನ್ನು ತಲೆಯ ಮೇಲೆ ಹೊತ್ತವರ ಮೆರವಣಿಗೆಯು ಹರಳಯ್ಯನವರ ಕೇರಿಯನ್ನು ಬಿಟ್ಟು ಸಾಗಬಾರದು. ಆ ಕೇರಿಯ ಮನೆಯೊಂದರಲ್ಲಿ ಸಂಕೋಚವಿಲ್ಲದೆ ಕುಳಿತು ಉಂಡು ಬಂದ ಭಕ್ತನ ಮನೆಯೇ ಮಹಾಮನೆ. ಅಂತಹ ಮನೆಗಳು ಹೆಚ್ಚಿದಂತೆಲ್ಲ ಕಲ್ಯಾಣವು ಮರಳಿ ಕಟ್ಟಿಕೊಳ್ಳುತ್ತದೆ. ಶರಣು ಶರಣಾರ್ಥಿ.